ಮೂರು ಖಾಲಿ ಮನೆ

ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್ಟು.
ಹತ್ತರ ಮೇಲೆ ನನ್ನದೇ ದುಂಡಕ್ಷರ, ನೀಲಿ ಇಂಕು:
ರಚನೆ ಯುಲಾಲಿಯಾ ಟೀಚರ್, ಪಿಯಾನೊಗೆಂದು.
ನುಡಿಸಿದ್ದು ಹುಚ್ಚರಾಯಪ್ಪ, ಸೊಪ್ರಾನೊ ಸ್ಯಾಕ್ಸೊಫೋನು.
ಹನ್ನೊಂದನೆಯದರ ಮೇಲೆ ಏನೂ ಬರೆದಿಲ್ಲ.

ದುರ್ಗಿಗುಡಿಯಲ್ಲಿ ಆಗ ನನ್ನ ಅಂಗಡಿ.
ಹಾಡು ತುಂಬಿದ ಟೇಪು ಹದಿನಾಲ್ಕು ರೂಪಾಯಿ,
ಖಾಲಿಯದು ಹದಿನೆಂಟು; ಯಾಕೆಂದು ಯಾರೂ ಕೇಳಲಿಲ್ಲ.
ಭಾನುವಾರದ ಪ್ಯಾಸೆಂಜರಿಗೆ ಭದ್ರಾವತಿಯಿಂದ
ಟವೆಲು ಸುತ್ತಿದ ವಾದ್ಯ ಕಬ್ಬಿನ ಜಲ್ಲೆಯಂತೆ
ಹೆಗಲಿಗಿಟ್ಟು ಬರುತ್ತಿದ್ದ.
ರೋಲಿಂಗ್ ಮಿಲ್ಲಿನ ಕೆಲಸ, ಶಿಕಾರಿಪುರದ ಓಲಗದ ಮನೆತನ.
‘ಇದೇನು, ಹಿತ್ತಾಳೆ ಓಲಗವಾ?’ ಎಂದು ಟಿಕೇಟಿನವನು ಕೇಳಿದರೆ
‘ಹೌದು ಸ್ವಾಮಿ’ ಎಂದುಬಿಡುತ್ತಿದ್ದ. ವಾದ ಯಾಕೆ.

ಟೀಚರ್ ಕಥೆ ಹೀಗೆ:
ಕಾಲೋನಿ ಶಾಲೆಯ ಪಿಯಾನೊದಲ್ಲಿ ಮೂರು ಮನೆ ಸತ್ತಿದ್ದವು.
ಒಂದು ಬಿಳಿ, ಎರಡು ಕರಿ. ಗೆದ್ದಲೋ, ಮಕ್ಕಳೋ.
ಒತ್ತಿದರೆ ಮರದ ಸದ್ದು, ಅಷ್ಟೆ.
ರಿಪೇರಿಯ ಅರ್ಜಿ ಫೈಲಿನಿಂದ ಫೈಲಿಗೆ ವರ್ಗವಾಗುವಷ್ಟರಲ್ಲಿ
ಆಕೆ ಆ ಮೂರನ್ನು ಬಿಟ್ಟು ಇಪ್ಪತ್ತಾರು ರಚನೆ ಮಾಡಿದ್ದರು.
‘ಎರಡನೇ ಪಾಳಿ’. ‘ಕ್ವಾರ್ಟರ್ಸ್ ನಲವತ್ತೇಳು’.
‘ಪಾಸ್ಕಲನ ಸೈಕಲ್ಲಿಗೆ ಬ್ರೇಕಿಲ್ಲ’.
ಎಲ್ಲವೂ ನಡೆಯುತ್ತ ನಡೆಯುತ್ತ ಥಟ್ಟನೆ
ಒಂದು ಹೆಜ್ಜೆ ಎತ್ತಿ ಹಾಕುತ್ತವೆ,
ಈಗಷ್ಟೇ ಸಾರಿಸಿದ ನೆಲ ದಾಟುವವರ ಹಾಗೆ.

ಹುಚ್ಚರಾಯಪ್ಪನಿಗೆ ರಕ್ತದಲ್ಲೇ ಗಮಕ.
ಸ್ವರವೊಂದನ್ನು ಹಿಡಿದರೆ ಜಾರಿಸಿಯೇ ಬಿಡಬೇಕು.
‘ಎಣ್ಣೆ ಹಚ್ಚಬೇಡ ಅದಕ್ಕೆ’ ಅಂದರಂತೆ ಟೀಚರ್,
‘ಒಣಗಿದ್ದೇ ಇರಲಿ, ಗಂಟಲಿಗೆ ಸಿಕ್ಕಲಿ.’
ಆರು ತಿಂಗಳು ಬೇಕಾಯಿತು ಅವನಿಗೆ ಒಣಗಲು.

‘ಎರಡನೇ ಪಾಳಿ’ಯನ್ನು ನಾಲ್ಕು ಭಾನುವಾರ ನಾಲ್ಕು ಥರ ನುಡಿಸಿದ.
ಒಮ್ಮೆ ತಲೆಕೆಳಗು. ಒಮ್ಮೆ ಎಷ್ಟು ನಿಧಾನವೆಂದರೆ
ನಾನು ಎದ್ದು ಮೋಟರು ತಿರುಗುತ್ತಿದೆಯೇ ನೋಡಿ ಬಂದೆ.
ಮೂರು ಜಾಗ ಮಾತ್ರ ಮುಟ್ಟಲಿಲ್ಲ.
‘ನಿನ್ನ ಕೊಳವೆಯಲ್ಲಿ ಎಲ್ಲ ಸ್ವರ ಇದೆಯಲ್ಲ ಮಾರಾಯ,
ಅಲ್ಲಿ ತುಂಬಿಸು’ ಅಂದೆ.
‘ಬೀಗ ಹಾಕಿದ ಮನೆ ಸ್ವಾಮಿ, ನುಗ್ಗಕ್ಕಾಗ್ತದಾ?’

ಪ್ರತಿ ಟೇಪಿಗೂ ಟೀಚರಿಂದ ಒಂದು ಕಾರ್ಡು:
‘ಮೂರನೆಯದರಲ್ಲಿ ಅವಸರ. ನಾನು ಅಲ್ಲಿ ಕೂತಿದ್ದೆ,
ನೀನು ಎದ್ದುಬಿಟ್ಟೆ.’

ಒಟ್ಟು ಆರು ಪ್ರತಿ ಮಾರಿದೆ.
ಒಬ್ಬರು ವಾಪಸು ತಂದರು: ‘ಅಲ್ಲಲ್ಲಿ ಟೇಪು ಸಿಕ್ಕಿಕೊಳ್ಳತ್ತೆ.’

ಏಳನೆಯದನ್ನು ಶಾಲೆಯ ಹಾಲಿನಲ್ಲೇ ಮಾಡಿದ್ದು.
ಮಧ್ಯೆ ಎರಡು ಗಂಟೆಯ ಸೈರನ್ನು.
ನಿಲ್ಲಿಸಲು ಗುಂಡಿಗೆ ಕೈ ಹಾಕಿದೆ, ಆತ ಹುಬ್ಬಿನಲ್ಲೇ ತಡೆದ.
ಕಾರ್ಖಾನೆ ಕೂಗುತ್ತಿದ್ದದ್ದು ಆ ಸತ್ತ ಬಿಳಿ ಮನೆಯ ಸ್ವರ.
ಹಿಂದಿನ ಬೆಂಚಿನಲ್ಲಿ ಟೀಚರ್ ನಕ್ಕಿದ್ದು ಟೇಪಿನಲ್ಲಿದೆ.

ಆಮೇಲೆ ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿ
ಮಂಗಳೂರಿನಿಂದ ಒಬ್ಬನನ್ನು ಕರೆಸಿದರು.
ಎರಡು ದಿನ ಬಿಚ್ಚಿಟ್ಟು ಮೂರಕ್ಕೂ ಜೀವ ಬರಿಸಿದ.
ಟೀಚರ್ ಕೂತರು. ಬೆರಳು ಮಾತ್ರ
ಹಳೇ ದಾರಿಯಲ್ಲೇ ಸುತ್ತಿಕೊಂಡು ಹೋಯಿತು.
ಒಮ್ಮೆ ಬೇಕೆಂದೇ ಒತ್ತಿದರು, ಕೈ ಹಿಂದಕ್ಕೆಳೆದರು,
ಬೇರೆಯವರ ಬಚ್ಚಲ ಬಾಗಿಲು ತೆರೆದವರ ಹಾಗೆ.

ಮುಂದಿನ ಭಾನುವಾರ ಹುಚ್ಚರಾಯಪ್ಪ ಬಂದ.
ಯಾವ ರಚನೆ ಎಂದು ಹೇಳಲಿಲ್ಲ.
ಟೇಪು ಖಟ್ಟೆಂದು ನಿಲ್ಲುವ ತನಕ
ಆ ಮೂರು ಸ್ವರ ಮಾತ್ರ.
ಎಲ್ಲೆಲ್ಲಿ ಅವು ಬರಬೇಕಿತ್ತೋ ಅಲ್ಲಲ್ಲಿ,
ಮಿಕ್ಕದ್ದೆಲ್ಲ ಬಾಯಿ ಮುಚ್ಚಿದ ಕೊಳವೆ.
ಕಿಟಕಿಯಾಚೆ ಯಾರೋ ಆಟೋದವನೊಡನೆ ಚೌಕಾಸಿ.
ನನಗೆ ಸಂಗೀತ ಬಾರದು. ಆದರೂ ಸುಮಾರು ಹೊತ್ತಿಗೆ
ಪಾಸ್ಕಲನ ಸೈಕಲ್ಲು ಇಳಿಜಾರಿನಲ್ಲಿ ಹೋದದ್ದು
ಸ್ಪಷ್ಟವಾಗಿ ಗುರುತು ಹತ್ತಿತು.

ಈಗ ಸೈರನ್ನಿಲ್ಲ. ಕಾಲೋನಿಯ ಅರ್ಧಕ್ಕೆ ಬೀಗ.
ಹನ್ನೊಂದನೆಯದನ್ನು ತೊಡೆಯ ಮೇಲಿಟ್ಟು ಕೂತಿದ್ದೇನೆ.
ರಚನೆ ಯಾರದೆಂದು ಬರೆಯಲಿ, ನುಡಿಸಿದ್ದು ಯಾರೆಂದು?
ಪೇಪರಿನ ಅಂಚಿನಲ್ಲಿ ಗೀಚಿ ನೋಡಿದೆ.
ಇಂಕು ಇನ್ನೂ ಬರುತ್ತದೆ.