ಪೆನ್ಸಿಲ್ಲಿನ ತಾರೀಖು

ಹನ್ನೆರಡು ವರ್ಷದಿಂದ ಈ ಮೇಜು ನನ್ನದು.
ಬ್ರೆಜಿಲಿನ ಲೊಂದ್ರಿನಾ, ಡಾಕ್ಟರ್ ಆದೆಮಾರರ ಕ್ಲಿನಿಕ್ಕು, ಎರಡನೇ ಮಹಡಿ.
ಕೆಮ್ಮಣ್ಣು ಮೆತ್ತಿದ ಚಪ್ಪಲಿಗಳು ಮೆಟ್ಟಿಲ ಬಳಿ ಒರೆಸಿಕೊಂಡು ಬರುತ್ತವೆ,
ದಿನ ತುಂಬುವ ಹೊಟ್ಟೆಗಳು ನಿಧಾನ ಅವುಗಳ ಹಿಂದೆ.
ನಾನು ಝಿಲ್ಡಾ. ತಾರೀಖು ಬರೆಯುವವಳು.

ಮಂಗಳವಾರ ಏಳೂಕಾಲು. ಮಂಗಳವಾರ ಎಂಟೂವರೆ.
ಗುರುವಾರ ಏಳೂಕಾಲು.
ನನ್ನ ಡೈರಿಯಲ್ಲಿ ಭಾನುವಾರ ಯಾರೂ ಹುಟ್ಟುವುದಿಲ್ಲ.
ಕಾರ್ನಿವಲ್ ವಾರದ ಹಾಳೆ ಬೋಳು,
ಅದರ ಹಿಂದಿನ ವಾರವೋ
ಕಡೆಯ ಬಸ್ಸಿನಂತೆ, ಕಾಲಿಡಲು ಜಾಗವಿಲ್ಲ.

ಒಳಕೋಣೆಯ ಬಾಗಿಲು ತೆಳು.
ಕೊರಳಿಗೆ ಬಳ್ಳಿ ಸುತ್ತಿದೆಯಮ್ಮಾ. ನೀರು ಕಡಿಮೆ.
ಸೊಂಟ ಕಿರಿದು. ಮಗು ದಪ್ಪ.
ಮರುದಿನ ಇನ್ನೊಬ್ಬಳಿಗೆ: ಮಗು ಸಣ್ಣ.
ಸುಳ್ಳು ಅನ್ನಲಾರೆ, ನಾನು ಅಷ್ಟು ಓದಿದವಳಲ್ಲ.
ಆದರೆ ಲೆಕ್ಕ ಬರುತ್ತದೆ.
ಇಷ್ಟೊಂದು ಬಳ್ಳಿಗಳು
ಮಂಗಳವಾರ, ಗುರುವಾರ ನೋಡಿಕೊಂಡೇ
ಯಾಕೆ ಸುತ್ತಿಕೊಳ್ಳಬೇಕು?

ನನ್ನ ಕಿಬ್ಬೊಟ್ಟೆಯಲ್ಲೂ ಒಂದು ಗೆರೆ ಇದೆ,
ಹತ್ತೊಂಬತ್ತು ವರ್ಷದ್ದು, ಮಳೆಗೆ ಮೊದಲು ತುರಿಸುತ್ತದೆ.
ಅದು ಶುಕ್ರವಾರ ಮಧ್ಯಾಹ್ನದ್ದು. ಬೇರೆ ಡಾಕ್ಟರು.
ಸಂಜೆ ಅವರಿಗೆ ಕಡಲತೀರಕ್ಕೆ ಹೋಗುವುದಿತ್ತಂತೆ,
ತಿಂಗಳು ಕಳೆದ ಮೇಲೆ ಅವರ ಡ್ರೈವರ್ ಹೇಳಿದ, ಸುಮ್ಮನೆ ಮಾತಿಗೆ.
ಮಗಳು ಚೆನ್ನಾಗಿದ್ದಾಳೆ, ಬಾಸ್ಕೆಟ್‌ಬಾಲ್ ಆಡುತ್ತಾಳೆ,
ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಎತ್ತರ.
ಚುಚ್ಚುವುದು ಅದಲ್ಲ.
ಯಾರೂ ನನ್ನನ್ನು ಕೇಳಲಿಲ್ಲ ಎಂಬುದು.
ನಾನೂ ಏನೂ ಕೇಳಲಿಲ್ಲ ಎಂಬುದು.

ಏಪ್ರಿಲಿನಲ್ಲಿ ಬಂದವಳು ತೈನಾರಾ, ಸಿಟಿ ಬಸ್ ಓಡಿಸುವವಳು.
ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತದೆಂದು
ಡಿಪೋದಲ್ಲಿ ಟಿಕೆಟ್ ಎಣಿಸಲು ಕೂರಿಸಿದ್ದರು.
ಮೊದಲನೆಯದು ಕುಯ್ದು ತೆಗೆದದ್ದು.
ಒಮ್ಮೆ ಕುಯ್ದ ಮೇಲೆ ಮತ್ತೆಯೂ ಅದೇ ದಾರಿ, ಅಂದರು ಒಳಗೆ.
ಹೊರಬಂದು ನನ್ನ ಮೇಜಿಗೆ ಮೊಣಕೈ ಊರಿದಳು.
‘ಟೈಮ್‌ಟೇಬಲ್ ಬರೆಯೋದು ನೀವೇನಾ?’
ಹೂಂ ಅಂದೆ.
‘ನಂಗೂ ಡಿಪೋದವರು ಟೈಮ್ ಕೊಡ್ತಾರೆ.
ಆದ್ರೆ ಬ್ರೇಕು ನನ್ನ ಕಾಲಡೀಲೇ ಇರುತ್ತೆ.’

ಪೆನ್ನು ಕೈಯಲ್ಲೇ ಇತ್ತು. ಕೆಳಗಿಟ್ಟೆ.
ಮೊದಲ ಸಲ, ಪೆನ್ಸಿಲ್ಲಿನಲ್ಲಿ ಬರೆದೆ: ಮೇ, ಮಂಗಳವಾರ, ಏಳೂಕಾಲು.
ಚೀಟಿಯ ಹಿಂಬದಿಗೆ ಇನ್ನೊಂದು:
ಕ್ಲೆಯೂಸಾ, ಸೂಲಗಿತ್ತಿ ನರ್ಸ್,
ಸರ್ಕಾರಿ ಹೆರಿಗೆ ಆಸ್ಪತ್ರೆ, ರಾತ್ರಿ ಪಾಳಿ.
‘ಇವರು ಕೇಳಿದ್ದಕ್ಕೆ ಉತ್ತರ ಕೊಡ್ತಾರೆ’ ಅಂದೆ, ಅಷ್ಟೇ.
ಅದು ನನ್ನ ಕೆಲಸವಲ್ಲ.
ಇದ್ದ ಕೆಲಸವೂ ಹೋಗಬಹುದಿತ್ತು.

ಆ ಮಂಗಳವಾರ ಆಸ್ಪತ್ರೆಯಿಂದ ಡಾಕ್ಟರರ ಫೋನು,
ಏಳೂಕಾಲಿನವಳು ಎಲ್ಲಿ?
ದಾರಿಯಲ್ಲಿರಬೇಕು ಅಂದೆ.
ಸುಳ್ಳೂ ಅಲ್ಲ.

ಒಂಬತ್ತು ದಿನ ಆಡಿಸಿ, ಹನ್ನೊಂದನೇ ದಿನಕ್ಕೆ ನಿಜವಾದ ಬೇನೆ.
ನಡೆದಳಂತೆ ಕಾರಿಡಾರಿನ ಉದ್ದಕ್ಕೂ,
ಬಿಸಿನೀರಿನ ಕೆಳಗೆ ನಿಂತಳಂತೆ, ಅರ್ಧ ಬಾಳೆಹಣ್ಣು ತಿಂದು ಕಕ್ಕಿದಳಂತೆ,
ತಾಯಿಯ ಕುತ್ತಿಗೆಗೆ ಜೋತುಬಿದ್ದು
ಬಸ್ಸಿನ ಸ್ಟಾಪುಗಳ ಹೆಸರನ್ನೆಲ್ಲ ಕೂಗಿದಳಂತೆ.
ಹದಿನಾರು ಗಂಟೆ. ಆಮೇಲೆ
ಮಗುವಿನ ಎದೆಬಡಿತ ಇಳಿಯಿತು, ಏರಲು ತಡಮಾಡಿತು.
ಕ್ಲೆಯೂಸಾ ಅವಳ ಪಕ್ಕ ಮಂಡಿಯೂರಿ ಹೇಳಿದರು:
ನಮಗೆ ಕಾಣುತ್ತಿರುವುದು ಇದು. ಕಾದರೆ ಭಯ ಇದು. ಕುಯ್ದರೆ ಇದು.
ತೈನಾರಾ ಎರಡು ಪ್ರಶ್ನೆ ಕೇಳಿದಳು.
ಉತ್ತರ ಬರುವವರೆಗೆ ಕಣ್ಣು ಮಿಟುಕಿಸಲಿಲ್ಲ.
‘ಹಾಗಾದ್ರೆ ಈಗಲೇ ಕುಯ್ರಿ’ ಅಂದಳು.

ಅವಳೇ ಅಂದಳು.

ಜುಲೈಯಲ್ಲಿ ಮೆಟ್ಟಿಲು ಹತ್ತಿ ಬಂದಳು, ಎದೆಗೆ ಕಟ್ಟಿದ ಗಂಟಿನೊಳಗೆ ಮಗು.
‘ಹಳೇ ಗೆರೆ ಮೇಲೇ ಹೊಸಾದು’ ಅಂದಳು ನಗುತ್ತ,
‘ಕನ್ನಡೀಲಿ ನೋಡಿದ್ರೆ ಒಂದೇ.
ಒಂದೇ ಅಲ್ಲ, ಝಿಲ್ಡಾ.’
ನನ್ನ ಕೈ ನನ್ನ ಲಂಗದ ಪಟ್ಟಿಯ ಮೇಲಿತ್ತು,
ಯಾವಾಗ ಹೋಯಿತೋ.

ಅವಳು ಹೋದ ಮೇಲೆ ಡೈರಿ ತೆರೆದೆ.
ಅಳಿಸಿದ ಮಂಗಳವಾರದಲ್ಲಿ ಪೆನ್ಸಿಲ್ಲಿನ ತಗ್ಗು ಇನ್ನೂ ಇತ್ತು.
ಹಾಳೆ ತಿರುವಿದೆ, ಭಾನುವಾರಕ್ಕೆ.
ಅಲ್ಲಿ ಗಂಟೆಯ ಗೆರೆಗಳನ್ನೇ ಅಚ್ಚು ಹಾಕಿಲ್ಲ.
ಬೆಳಗಿನ ಜಾವ ನಾಲ್ಕು ಐವತ್ತು, ಹೆಣ್ಣು, ಎಂದು ಬರೆದೆ,
ಪೆನ್ನಿನಲ್ಲಿ.

ತೆಳು ಬಾಗಿಲಿನ ಆಚೆ
ಯಾರಿಗೋ ನೀರು ಕಡಿಮೆಯಾಗುತ್ತಿತ್ತು.
ಪೆನ್ಸಿಲ್ ಕೆತ್ತಿಟ್ಟುಕೊಂಡೆ.