ನೀಲಿ ತೋಳು

ಸೀಗೆಹಟ್ಟಿ ಗುಜರಿಯ ತಕ್ಕಡಿಯಲ್ಲಿ ಸಿಕ್ಕಿಬಿಟ್ಟಳು.
ಕಂಬಕ್ಕೆ ಕಟ್ಟಿದ ಹುಡುಗಿ, ಹರಿದ ರವಿಕೆ,
ಎದುರಿಗೆ ಹುಲಿಯೋ ಗೊರಿಲ್ಲಾವೋ, ಗೆದ್ದಲು ತಿಂದಿದೆ.
ಮೂಲೆಯಲ್ಲಿ ತುಕ್ಕೋಜಿ ಲೈಬ್ರರಿಯ ಸೀಲು:
ದಿನಕ್ಕೆ ಹತ್ತು ಪೈಸೆ.

ಒಳಗಿನ ಕಥೆಯಲ್ಲಿ ಅವಳಿರಲೇ ಇಲ್ಲ,
ಒಂದು ಚೌಕದಲ್ಲೂ.

ನನಗಾಗ ಒಂಬತ್ತು. ಅಣ್ಣನ ದಿಂಬಿನಡಿಯಿಂದ ಕದ್ದು
ಬಾಲ್‌ಪೆನ್ನಲ್ಲಿ ರವಿಕೆ ಹೊಲಿದುಕೊಟ್ಟೆ,
ಕುತ್ತಿಗೆ ಮುಚ್ಚುವಷ್ಟು, ಮಣಿಕಟ್ಟಿನವರೆಗೆ ತೋಳು,
ಅಂಚಿಗೆ ಚುಕ್ಕಿ ಬೇರೆ.
ತುಕ್ಕೋಜಿ ಎಂಟಾಣೆ ದಂಡ ಹಾಕಿದ.
ಅಮ್ಮ ಹೊಡೆದದ್ದು ನನಗೇ: ಅಂಥದ್ದನ್ನೆಲ್ಲ ಯಾಕೆ ನೋಡಿದೆ?
ಅಣ್ಣ ಕೇರಂ ಆಡುತ್ತಿದ್ದ.

ಕೆಂಪು ಹಳದಿ ಎಲ್ಲ ಮಾಸಿವೆ,
ನನ್ನ ನೀಲಿಯೊಂದು ಉಳಿದಿದೆ.
'ಬೇಕಾ ಅಕ್ಕಾ, ತೂಕಕ್ಕೆ ಹಾಕ್ಲಾ?'

ಕನ್ನಡಕ ಏರಿಸಿ ನೋಡುತ್ತೇನೆ:
ಎಷ್ಟು ಜೋಪಾನವಾಗಿ ಗೀಚಿದ್ದೇನೆ,
ಹಗ್ಗವನ್ನು ಬಿಟ್ಟು, ಅದರ ಸುತ್ತಲೇ,
ಒಂದು ಗಂಟೂ ಕೆಡದ ಹಾಗೆ.