ಒಂದೂವರೆ ಇಂಚು

ಬೋಯ್ಡ್ ಕೆಸಿಂಜರನ ಹತ್ತಿರ ಇದ್ದದ್ದು ಒಂದು ಟೈರ್ ಅಂಗಡಿ,
ಸಾಲ ತಂದ ಕ್ಯಾಮೆರಾ, ಒಂಬತ್ತು ಸಾವಿರ ಡಾಲರು,
ಮತ್ತೆ ಹೆಂಡತಿ ಮನೆಯಲ್ಲಿಲ್ಲದ ಒಂದು ಬೇಸಿಗೆ.
"ಆರ್ಡಿತ್, ನನಗೊಂದು ಬಿಗ್‌ಫೂಟ್ ಹೊಲಿದುಕೊಡು" ಅಂದ,
ಕಿಟಕಿ ಪರದೆಗೆ ಅಂಚು ಹೊಲಿ ಅನ್ನುವಂತೆ.

ಕೌಲಿಟ್ಸ್ ಹೊಳೆಯ ತಿರುವಿನಲ್ಲಿ ನಮ್ಮೂರು, ಆಲ್ಡರ್ ಫೋರ್ಕ್.
ಆ ವರ್ಷ ಮರದ ಮಿಲ್ಲು ಮುಚ್ಚಿತ್ತು,
ಗರಗಸದ ಸದ್ದಿಲ್ಲದೆ ನಾಯಿಗಳಿಗೂ ನಿದ್ದೆ ಬರುತ್ತಿರಲಿಲ್ಲ.
ಊರಿಗೆ ಊರೇ ಬಿಡುವಾಗಿತ್ತು,
ಹಾಗಾಗಿ ಊರಿಗೆ ಊರೇ ನಟಿಸಿತು:
ಅಂಚೆಯವಳು ಮೊದಲ ರೀಲಿನಲ್ಲೇ ಸತ್ತಳು,
ಪಾದ್ರಿ ಎರಡು ಸಲ ಸತ್ತ, ಎರಡನೆಯ ಸಲ ಗಡ್ಡ ಅಂಟಿಸಿಕೊಂಡು.
ರಕ್ತಕ್ಕೆ ಬೀಟ್‌ರೂಟು.
ಕಾಡಿಗೆ ಕಾಡೇ ಇತ್ತು, ಪುಕ್ಕಟೆ.

ಮೋಟೆಲಿನವರು ಕಿತ್ತು ಬಿಸಾಡಿದ ಕಂದು ಕಾರ್ಪೆಟ್ಟು,
ಕುದುರೆಬಾಲದ ಕೂದಲು, ಎರಡು ಸೋಫಾಗಳ ಹೊಟ್ಟೆಯ ಹತ್ತಿ,
ಬೆನ್ನಿಗೆ ಹಳೇ ಡೇರೆಯಿಂದ ಬಿಚ್ಚಿದ ಜಿಪ್ಪು.
ಮೂರು ಸೂಜಿ ಮುರಿದವು. ನಾಲ್ಕನೆಯದು ಹೆಬ್ಬೆರಳು ಹೊಕ್ಕಿತು.
ಆ ರಕ್ತ ಬೀಟ್‌ರೂಟಲ್ಲ,
ಎಡತೊಡೆಯ ಒಳಮಗ್ಗುಲಲ್ಲಿ ಈಗಲೂ ಇದೆ ಕಲೆ.

ಒಳಗೆ ಹೊಕ್ಕವನು ಮರ್ಲ್ ಸ್ಟೆನ್‌ಕ್ವಿಸ್ಟ್, ಆರಡಿ ಆರಿಂಚು,
ಇಪ್ಪತ್ತಾರು ವರ್ಷ ಆ ಕಾಡನ್ನೇ ಕಡಿದವನು
ಈಗ ಕಾಡಿನ ಪರವಾಗಿ ಘರ್ಜಿಸಬೇಕು,
ದಿನಕ್ಕೆ ಹದಿನೈದು ಡಾಲರು, ಊಟ ಸೇರಿ.
ಅವನ ಕುತ್ತಿಗೆ ಅಳೆಯುವಾಗ
ಫೋನು ಬಡಿದುಕೊಂಡಿತೋ, ಅವನು ನಕ್ಕನೋ,
ಒಂದೂವರೆ ಇಂಚು ತಪ್ಪಿಹೋಯಿತು.
ಹಾಕಿಕೊಂಡ ಮೇಲೆ ಗೊತ್ತಾಯಿತು: ಕುತ್ತಿಗೆ ತಿರುಗದು.
ಹಿಂದೆ ನೋಡಬೇಕೆಂದರೆ ಸೊಂಟದಿಂದ ಮೇಲೆ
ಇಡೀ ಆಳೇ ತಿರುಗಬೇಕು, ತುಕ್ಕು ಹಿಡಿದ ಬೀರುವಿನ ಬಾಗಿಲಂತೆ.
ಬಿಚ್ಚಿ ಹೊಲಿಯುತ್ತೇನೆ ಅಂದೆ.
"ಬೆಳಕು ಹೋಗ್ತಿದೆ, ಬಿಡು" ಅಂದ ಬೋಯ್ಡ್.

ಸಿನಿಮಾ ಓಡಿದ್ದು ಎರಡು ಡ್ರೈವ್-ಇನ್ನುಗಳಲ್ಲಿ, ಒಟ್ಟು ಹನ್ನೊಂದು ರಾತ್ರಿ.
ಮೈಕು ಒಮ್ಮೆ ಕೊಂಬೆಯ ಹಾಗೆ ಇಳಿದು ಬರುತ್ತದೆ.
ಒಂದು ಕಡೆ ಮೃಗದ ಮಣಿಕಟ್ಟಿನಲ್ಲಿ ಗಡಿಯಾರ,
ನಾಲ್ಕೂ ಹತ್ತು.
ಜನ ನಕ್ಕರು, ಹಾರ್ನು ಹೊಡೆದರು, ಪಾಪ್‌ಕಾರ್ನ್ ಎಸೆದರು.
ಆದರೆ ಕೊನೆಗೆ, ಮಂಜು ಕವಿದ ಹೊಳೆದಂಡೆಯಲ್ಲಿ
ಹೋಗುತ್ತಿದ್ದದ್ದು ತಟ್ಟನೆ ನಿಂತು
ಭುಜಸಮೇತ, ಎದೆಸಮೇತ, ನಿಧಾನಕ್ಕೆ
ನಮ್ಮ ಕಡೆ ತಿರುಗಿದಾಗ
ಒಂದು ಹಾರ್ನೂ ಇಲ್ಲ.

ಅಲ್ಲಿಂದಾಚೆ ಕಂಡವರೆಲ್ಲ ಹಾಗೇ ಕಂಡರು.
ಲಾರಿಯವನು ಕಂಡ, ಅಣಬೆ ಆಯುವ ಅಕ್ಕತಂಗಿಯರು ಕಂಡರು,
ಶೆರಿಫನ ಭಾವಮೈದ ಕುಡಿಯದೆಯೂ ಕಂಡ:
"ಕುತ್ತಿಗೆಯೇ ಇಲ್ಲ ಅದಕ್ಕೆ, ಭುಜವೇ ತಿರುಗುತ್ತೆ."
ಸಿಯಾಟಲ್‌ನಿಂದ ಒಬ್ಬ ಬಂದ, ಪ್ಲಾಸ್ಟರಿನ ಪಾದ ಹೊತ್ತುಕೊಂಡು.
ಕತ್ತಿನ ಮೂಳೆ, ಸ್ನಾಯು, ಹಿಮಯುಗ ಅಂತ
ನನ್ನ ಅಡುಗೆಮನೆಯಲ್ಲೇ ಕೂತು ನನಗೇ ವಿವರಿಸಿದ.
ಅವನಿಗೆ ಇನ್ನೊಂದು ತುಂಡು ಪೈ ಬಡಿಸಿದೆ.
ಅಳತೆಯ ಟೇಪು ಡ್ರಾಯರಿನಲ್ಲಿ ಸುರುಳಿ ಸುತ್ತಿ ಮಲಗಿತ್ತು.
ಒಬ್ಬ ದರ್ಜಿಯ ತಪ್ಪಿಗೆ
ಇಷ್ಟು ದೊಡ್ಡ ಕಾಡು ಒಗ್ಗಿಕೊಂಡಿತಲ್ಲ.

ಮರ್ಲ್ ಈಗಿಲ್ಲ. ಶ್ವಾಸಕೋಶದ ತುಂಬ ಮರದ ಹೊಟ್ಟಿತ್ತಂತೆ.
ಬೋಯ್ಡ್ ಟೈರಿಗೇ ಮರಳಿದ, ಹೆಂಡತಿಯೂ ಮರಳಿದಳು.
ಇಷ್ಟು ಹೇಳಿದ ಮೇಲೆ ಇನ್ನೊಂದು ಉಳಿಯಿತು.

ಕಳೆದ ಅಕ್ಟೋಬರು, ಸಂಜೆ ಕಸ ಚೆಲ್ಲಲು ಹೋದಾಗ
ಸೀಡರ್ ಮರಗಳು ಸುರುವಾಗುವಲ್ಲಿ
ಏನೋ ನಿಂತಿತ್ತು.
ನನ್ನ ಕಣ್ಣು ಮೊದಲು ಹುಡುಕಿದ್ದು ಹೊಲಿಗೆಯನ್ನು, ಅಭ್ಯಾಸಬಲ.
ಎಲ್ಲೂ ಹೊಲಿಗೆಯಿಲ್ಲ.
ಭುಜ ಕದಲಲಿಲ್ಲ.
ಕುತ್ತಿಗೆ ಮಾತ್ರ, ಅದೆಷ್ಟು ಸಲೀಸು,
ಎಣ್ಣೆ ಬಿಟ್ಟ ತಿರುಗಣಿಯಂತೆ
ನನ್ನತ್ತ ಹೊರಳಿತು, ನೋಡಿತು,
ಮತ್ತೆ ಮರಗಳತ್ತ.

ಯಾರಿಗೂ ಹೇಳಲಿಲ್ಲ.
ಹೇಳಿದರೆ ನಂಬುವವರಾದರೂ ಯಾರು?
ಅದು ಹಾಗೆ ತಿರುಗುವುದಿಲ್ಲವೆಂದು
ಈ ಊರಿನ ಮಗುವಿಗೂ ಗೊತ್ತು.